ಕಿಟ್ಟೆಲರ ಸಂಸಾರ ಮತ್ತು ನಿಘಂಟು

ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಸ್ವದೇಶವನ್ನು ಬಿಟ್ಟು ಹೊರಡುವವನ ಮುಂದೆ ಮೊದಲು ಬಂದು ನಿಲ್ಲುವುದು ಮನೆಯವರ ಪ್ರಶ್ನೆ. ಹೆಂಡತಿ ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ಯಬೇಕೇ, ಇಲ್ಲವೇ ಊರಿನಲ್ಲಿಯೇ ಬಿಟ್ಟು ಹೋಗಬೇಕೇ? ಕರೆದೊಯ್ದರೆ ಅಲ್ಲಿನ ಹವೆ ನೀರು ಅವರಿಗೆ ಒಗ್ಗೀತೇ? ಮಕ್ಕಳ ವಿದ್ಯಾಭ್ಯಾಸದ ಗತಿಯೇನು? ಬಿಟ್ಟು ಹೋದರೆ ಅವರನ್ನು ಮತ್ತೆ ಕಾಣುವುದು ಎಂದಿಗೆ? ಮಂಡ್ಯ, ಮದ್ದೂರು, ಮಳವಳ್ಳಿಗಳಂಥ ಊರುಗಳಿಂದಲೂ ಇಂದು ಜನರು ದೂರದೇಶಗಳಿಗೆ ಹೋಗುತ್ತಾರೆ. ಅವರ ಮನೆಗಳಲ್ಲಿ ಈ ಪ್ರಶ್ನೆಗಳು ಏಳದೆ ಇರುವುದಿಲ್ಲ. ನೂರೈವತ್ತು ವರ್ಷಗಳಿಗೂ ಹಿಂದೆ ಇವೇ ಪ್ರಶ್ನೆಗಳನ್ನು ಹೊತ್ತು, ಅತ್ತಣಿಂದ ಇತ್ತ, ಯೂರೋಪಿನಿಂದ ಕನ್ನಡ ನಾಡಿಗೆ ಬಂದವರೊಬ್ಬರಿದ್ದರು. ಕನ್ನಡದ ಮಹಾನಿಘಂಟನ್ನು ರಚಿಸಿದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರೇ ಅವರು.

ಕಿಟ್ಟೆಲರು 1832ರ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿಯ ಉತ್ತರದಂಚಿನ ಸಮುದ್ರಕ್ಕೆ ಸಮೀಪದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿ. ಬಾಲ್ಯದಲ್ಲಿಯೇ ಹಲವು ಭಾಷೆಗಳನ್ನು ಕಲಿಯುವುದರಲ್ಲಿ ಅವರಿಗೆ ಆಸಕ್ತಿಯುಂಟಾಗಿತ್ತು. ಮುಂದೆ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಮಿಷನ್ ಸಂಸ್ಥೆಯನ್ನು ಸೇರಿ ಶಿಕ್ಷಣ ಪಡೆದರು. 1853ರಲ್ಲಿ ಸಂಸ್ಥೆಯು ಅವರನ್ನು ಭಾರತಕ್ಕೆ ಕಳುಹಿಸಿತು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅಂದು ಸೂಯೆಜ್ ಕಾಲುವೆ ಇನ್ನೂ ಇರಲಿಲ್ಲ; ಅದು ತೆರೆದದ್ದು 1869ರಲ್ಲಿ. ಆಫ್ರಿಕ ಖಂಡವನ್ನು ಸುತ್ತಿಯೋ, ಈಜಿಪ್ಟಿನಲ್ಲಿ ಹಡಗಿನಿಂದಿಳಿದು ನೆಲದ ಹಾದಿಯಲ್ಲಿ ಸಾಗಿ ಮತ್ತೊಂದು ಹಡಗನ್ನೇರಿಯೋ ಬರಬೇಕಾಗಿತ್ತು. ಒಂದು ಕಾಗದ ಬರೆದು ಅದಕ್ಕೆ ಉತ್ತರ ಪಡೆಯಲು ತಿಂಗಳುಗಳೇ ಹಿಡಿಯುತ್ತಿದ್ದವು. ಹೀಗೆ ಹೊರಟವನು ತಂದೆತಾಯಿಗಳನ್ನು ಮತ್ತೆ ಕಾಣುವೆನೆಂಬ ಭರವಸೆಯನ್ನು ಇಟ್ಟುಕೊಳ್ಳುವಂತಿರಲಿಲ್ಲ.

ಬಾಸೆಲ್ ಸಂಸ್ಥೆಯಲ್ಲಿ ಸಂಸಾರದ ವಿಷಯವಾಗಿ ಕಟ್ಟುನಿಟ್ಟಾದ ನಿಯಮಗಳಿದ್ದವು. ಪರದೇಶಕ್ಕೆ ಹೊರಡುವ ತರುಣನು ಅವಿವಾಹಿತನಾಗಿಯೇ ಹೋಗಬೇಕು. ಅಲ್ಲಿ ಕೆಲವು ಕಾಲ ದುಡಿದು, ಭಾಷೆಯನ್ನು ಕಲಿತು, ಹವೆಗೆ ಹೊಂದಿಕೊಂಡ ಮೇಲೆ ಮದುವೆಗೆ ಅನುಮತಿ ಬೇಡಬಹುದು. ವಧು ಯಾರೆಂಬುದನ್ನೂ ಸಂಸ್ಥೆಯ ಹಿರಿಯರು ಒಪ್ಪಬೇಕು. ಒಪ್ಪಿಗೆ ದೊರೆತ ಮೇಲೆ ಕನ್ಯೆಯು ಯೂರೋಪಿನಿಂದ ಹಡಗನ್ನೇರಿ ಬರುತ್ತಿದ್ದಳು. ತಾನು ವರಿಸಲಿರುವ ವರನ ಪರಿಚಯವೇ ಇಲ್ಲದೆ ಸಮುದ್ರವನ್ನು ದಾಟಿ ಬಂದ ಕನ್ಯೆಯರೂ ಉಂಟು.

ಮಕ್ಕಳ ವಿಷಯದ ಏರ್ಪಾಡು ಇನ್ನೂ ಕಠಿನವಾದುದು. ಶಾಲೆಗೆ ಸೇರುವ ವಯಸ್ಸು ಬಂದೊಡನೆ ಮಕ್ಕಳನ್ನು ತಾಯ್ನಾಡಿಗೆ ಕಳುಹಿಸಿಬಿಡಬೇಕು. ಅಂಥ ಮಕ್ಕಳಿಗಾಗಿ ಬಾಸೆಲ್ ನಗರದಲ್ಲಿ ಸಂಸ್ಥೆಯೇ ವಸತಿಗೃಹವನ್ನು ನಡೆಸುತ್ತಿತ್ತು. ಇಲ್ಲಿನ ಬಿಸಿಲು, ಜ್ವರ, ವಾಂತಿಭೇದಿಗಳಿಗೆ ಎಳೆಯ ಜೀವಗಳು ಬಲಿಯಾಗುತ್ತಿದ್ದುದು ಈ ನಿಯಮಕ್ಕೆ ಒಂದು ಕಾರಣ. ತಮ್ಮ ಮಕ್ಕಳು ತಮ್ಮ ನಾಡಿನ ವಿದ್ಯೆಯಲ್ಲಿಯೇ ಬೆಳೆಯಲೆಂಬುದು ಇನ್ನೊಂದು. ಕಾರಣವೇನೇ ಇರಲಿ, ಮಗುವನ್ನು ಹಡಗಿಗೆ ಹತ್ತಿಸಿದ ತಾಯಿ ಮತ್ತೆ ಅದನ್ನು ನೋಡುತ್ತಿದ್ದುದು ಅದು ಬೆಳೆದು ದೊಡ್ಡದಾದ ಮೇಲೆಯೇ. ಮಲಯಾಳಂ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮೇರಿ 1842ರಲ್ಲಿ ಕೇರಳದಲ್ಲಿ ಹುಟ್ಟಿದವಳು. ಅವಳನ್ನು ಎಳೆವೆಯಲ್ಲಿಯೇ ಯೂರೋಪಿಗೆ ಕಳುಹಿಸಿದರು; ತಂದೆತಾಯಿಗಳ ಬಳಿಗೆ ಅವಳು ಮರಳಿ ಬಂದದ್ದು ಹದಿಹರೆಯದಲ್ಲಿ. ನೊಬೆಲ್ ಪಾರಿತೋಷಕ ಪಡೆದ ಸಾಹಿತಿ ಹರ್ಮನ್ ಹೆಸ್ಸೆ ಈಕೆಯ ಮಗ.

ಕಿಟ್ಟೆಲರು ಇಲ್ಲಿಗೆ ಬಂದವರೇ ಕನ್ನಡ ಕಲಿಕೆಯಲ್ಲಿ ತೊಡಗಿದರು. ಧಾರವಾಡ, ಮಂಗಳೂರು, ಮಡಿಕೇರಿ ಅವರ ಕಾರ್ಯಕ್ಷೇತ್ರಗಳಾದವು. ಈ ದೇಶದ ಜನರೊಡನೆ ಬೆರೆತು, ಅವರಂತೆಯೇ ಸರಳವಾಗಿ ಬಾಳಬೇಕೆಂಬುದು ಅವರ ಹಂಬಲ. ಇದು ಹಿರಿಯ ಸಹೋದ್ಯೋಗಿಗಳಿಗೆ ಎಲ್ಲ ಕಾಲದಲ್ಲಿಯೂ ರುಚಿಸಲಿಲ್ಲ. ಜನರ ಮಧ್ಯೆ ಧರ್ಮಪ್ರಚಾರ ಮಾಡುವುದಕ್ಕಿಂತ ಗ್ರಂಥಗಳ ನಡುವೆ ಕುಳಿತು ದುಡಿಯುವುದರಲ್ಲಿ ಅವರ ಶಕ್ತಿ ಹೆಚ್ಚಾಗಿ ಫಲಿಸಿತು. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಕಥಾಮಾಲೆಯನ್ನು ಪ್ರಕಟಿಸಿದರು. ಪರದೇಶದವನೊಬ್ಬನು ಕನ್ನಡದಲ್ಲಿ ಪದ್ಯ ಬರೆಯುವಷ್ಟು ಆ ನುಡಿಯನ್ನು ತನ್ನದಾಗಿಸಿಕೊಂಡಿದ್ದನು.

ಇದಕ್ಕೆ ಎರಡು ವರ್ಷ ಮೊದಲು, 1860ರಲ್ಲಿ, ಅವರ ವಿವಾಹವಾಗಿತ್ತು. ವಧು ಪೌಲೀನ್ ಐತ್. ದೂರದ ನಾಡಿನಲ್ಲಿ ಅವರಿಗೊಂದು ಮನೆಯಾಯಿತು; ಮಕ್ಕಳಾದವು. ಆದರೆ ಆ ಸುಖ ಬಹುಕಾಲ ಬಾಳಲಿಲ್ಲ. ಮದುವೆಯಾದ ಕೆಲವೇ ವರ್ಷಗಳಲ್ಲಿ ಪೌಲೀನ್ ತೀರಿಕೊಂಡರು. ತಾಯಿಯಿಲ್ಲದ ಎಳೆಯ ಮಕ್ಕಳನ್ನು ಸಾಕುವ ಹೊಣೆ, ಮುಂದೆ ಸಾಗಲೇಬೇಕಾದ ಕೆಲಸ, ಎರಡೂ ಒಬ್ಬ ಮನುಷ್ಯನ ಹೆಗಲಿಗೇರಿದವು. ಮುಂದೆ ಅವರು ಪೌಲೀನರ ಸೋದರಿ ಜೂಲಿ ಐತ್ ಅವರನ್ನು ಮದುವೆಯಾದರು. ಅಕ್ಕತಂಗಿಯರಲ್ಲಿ ಒಬ್ಬಳು ಮಡಿದ ನಾಡಿಗೆ ಇನ್ನೊಬ್ಬಳು ಗೃಹಿಣಿಯಾಗಿ ಬಂದಳು. ಒಡಹುಟ್ಟಿದವಳ ಮಕ್ಕಳಿಗೆ ತಾಯಿಯಾಗುವುದು ನಮ್ಮ ಮನೆತನಗಳಲ್ಲಿಯೂ ನಡೆದು ಬಂದ ರೂಢಿ; ಆದರೆ ಅದಕ್ಕಾಗಿ ಜೂಲಿಯವರು ದಾಟಬೇಕಾದುದು ಒಂದು ಊರಿನ ಗಡಿಯನ್ನಲ್ಲ, ಸಾಗರವನ್ನು.

ಕಿಟ್ಟೆಲರ ಹಿರಿಯ ಸಹೋದ್ಯೋಗಿ ಹರ್ಮನ್ ಮೊಗ್ಲಿಂಗರ ಬಾಳನ್ನು ಇಲ್ಲಿ ನೆನೆಯಬಹುದು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರತಂದವರು ಅವರೇ. ತಮ್ಮ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ 1855ರಲ್ಲಿ ಮೃತರಾದ ಮೇಲೆ, ಅವರ ವಿಧವೆಯನ್ನು ಮೊಗ್ಲಿಂಗರು ವಿವಾಹವಾದರು. 1860ರಲ್ಲಿ ಪತ್ನಿಯ ಅನಾರೋಗ್ಯದ ನಿಮಿತ್ತ ಅವರು ಜರ್ಮನಿಗೆ ಹಿಂದಿರುಗಿದರು. ಮತ್ತೆ ಭಾರತಕ್ಕೆ ಬರಲಾಗಲಿಲ್ಲ. ಸಂಸಾರವನ್ನು ಉಳಿಸಿಕೊಳ್ಳಲು ಅವರು ತಮಗೆ ಪ್ರಿಯವಾದ ಕಾರ್ಯಕ್ಷೇತ್ರವನ್ನು ಬಿಟ್ಟರು. ಕಿಟ್ಟೆಲರ ಪಾಲಿಗೆ ಬಂದ ದಾರಿ ಬೇರೆಯಾಯಿತು.

1872ರಲ್ಲಿ ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ಮೊದಲನೆಯದು ಹಳಗನ್ನಡದ ವ್ಯಾಕರಣ, ಎರಡನೆಯದು ಛಂದಶ್ಶಾಸ್ತ್ರ. ಓಲೆಗರಿಗಳಲ್ಲಿ ಹುದುಗಿದ್ದ ಶಾಸ್ತ್ರಗ್ರಂಥಗಳು ಇದರಿಂದ ಅಚ್ಚಿನ ರೂಪದಲ್ಲಿ ವಿದ್ವಾಂಸರ ಕೈಸೇರಿದವು. ಈ ವೇಳೆಗೆ ಅವರ ಜೀವಿತದ ದೊಡ್ಡ ಕೆಲಸವೂ ಮೊದಲಾಗಿತ್ತು. ಕನ್ನಡದ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಡುವ ರೀವ್ ಎಂಬವರ ನಿಘಂಟು 1832ರಲ್ಲಿಯೇ ಬಂದಿತ್ತು. ಅದಕ್ಕಿಂತ ಪೂರ್ಣವೂ ಶಾಸ್ತ್ರೀಯವೂ ಆದ ನಿಘಂಟೊಂದು ಬೇಕೆಂದು ತೋರಿ, ಆ ಭಾರ ಕಿಟ್ಟೆಲರಿಗೆ ಬಂದಿತು.

1877ರಲ್ಲಿ ಕಿಟ್ಟೆಲರು ಜರ್ಮನಿಗೆ ಮರಳಿದರು. ಅಲ್ಲಿ ಕೆಲವು ವರ್ಷ ಸಂಸಾರದೊಡನೆ ಇದ್ದು ನಿಘಂಟಿನ ಕೆಲಸವನ್ನು ಮುಂದುವರಿಸಿದರು. ಆದರೆ ಕನ್ನಡ ಪದದ ಅರ್ಥವನ್ನು ನಿಶ್ಚಯಿಸಲು ಗ್ರಂಥಗಳಷ್ಟೇ ಸಾಲುತ್ತಿರಲಿಲ್ಲ. ಸಂದೇಹ ಬಂದಾಗ ಕೇಳಲು ಪಂಡಿತರು ಬೇಕು. ಪದವು ಬಾಳುತ್ತಿರುವ ಜನದ ನಡುವೆ ಅದನ್ನು ಆಲಿಸಬೇಕು. ಜರ್ಮನಿಯಲ್ಲಿ ಇವು ದೊರೆಯುವಂತಿರಲಿಲ್ಲ. ಆದ್ದರಿಂದ 1883ರಲ್ಲಿ ಅವರು ಮತ್ತೆ ಹಡಗನ್ನೇರಿದರು. ಈ ಸಲ ಹೆಂಡತಿ ಮಕ್ಕಳು ಜೊತೆಗಿರಲಿಲ್ಲ. ಅವರನ್ನು ಜರ್ಮನಿಯಲ್ಲಿ ಬಿಟ್ಟು, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಒಬ್ಬರೇ ಕನ್ನಡ ನಾಡಿಗೆ ಬಂದರು. ಹೀಗೆ ಅವರು ಇಲ್ಲಿ ಕಳೆದುದು ಒಂದೆರಡು ತಿಂಗಳಲ್ಲ. 1892ರವರೆಗೆ, ಒಂಬತ್ತು ವರ್ಷಗಳು.

ಒಂಬತ್ತು ವರ್ಷಗಳಲ್ಲಿ ಒಂದು ಮನೆಯಲ್ಲಿ ಏನೆಲ್ಲ ನಡೆಯುತ್ತದೆ! ಬಾಲಕರು ತರುಣರಾಗುತ್ತಾರೆ, ಕಾಯಿಲೆ ಕಸಾಲೆ ಬಂದು ಹೋಗುತ್ತವೆ, ತಂದೆಯ ಸಲಹೆ ಬೇಕಾದ ಗಳಿಗೆಗಳು ಹತ್ತಾರು ಬರುತ್ತವೆ. ಇವೆಲ್ಲವನ್ನೂ ನಿರ್ವಹಿಸುವ ಹೊಣೆ ಜೂಲಿಯವರ ಮೇಲೆ ಬಿದ್ದಿತು. ಇತ್ತ ಕಿಟ್ಟೆಲರು ಕಾವ್ಯ, ಶಾಸ್ತ್ರ, ಶಾಸನ, ಗಾದೆ, ಆಡುಮಾತು ಎಲ್ಲವನ್ನೂ ಜಾಲಿಸಿ ಪದಗಳನ್ನು ಆರಿಸಿದರು. ಒಂದೊಂದು ಪದಕ್ಕೂ ತಮಿಳು, ತೆಲುಗು, ಮಲಯಾಳಂ, ತುಳು ಮೊದಲಾದ ಸೋದರ ಭಾಷೆಗಳಲ್ಲಿ ಸಮಾನರೂಪವಿದೆಯೇ ಎಂದು ಪರಿಶೀಲಿಸಿದರು. ಪದವು ಸಂಸ್ಕೃತದಿಂದ ಬಂದುದೋ, ಅಚ್ಚಗನ್ನಡದ್ದೋ, ಅನ್ಯಭಾಷೆಗಳದ್ದೋ ಎಂಬುದನ್ನು ಗುರುತಿಸಿದರು. ಸಣ್ಣ ಅಕ್ಷರಗಳ ಮೇಲೆ ಹಗಲಿರುಳೂ ಕಣ್ಣಿಟ್ಟು ದುಡಿದುದರಿಂದ ಅವರ ದೃಷ್ಟಿಯೂ ಕುಗ್ಗಿತು.

ಹೀಗೆ ಸಿದ್ಧವಾದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸಂಸ್ಥೆಯಿಂದ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಪುಟಗಳ ಸಂಖ್ಯೆ 1,700ನ್ನು ಮೀರಿದೆ. ಪಂಪ, ನಾಗವರ್ಮರ ಭಾಷೆಗೆ ಮಾತ್ರ ಅಲ್ಲಿ ಸ್ಥಾನವೆಂದಲ್ಲ. ಒಕ್ಕಲಿಗನ ನೇಗಿಲು ನೊಗಗಳ ಹೆಸರು, ಅಡುಗೆಮನೆಯ ಮಾತು, ಸಂತೆಯ ಮಾತು, ಸಾವಿರಾರು ಗಾದೆಗಳು ಅಲ್ಲಿವೆ. ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿರುವ ಪದಗಳಿಗೆ ಅದನ್ನು ಸೂಚಿಸುವ ಗುರುತನ್ನು ಹಾಕಿರುವುದುಂಟು. ಅಂದು ಮಂಡ್ಯ ಜಿಲ್ಲೆಯೆಂಬುದು ಇನ್ನೂ ಆಗಿರಲಿಲ್ಲ. ಅದು ಪ್ರತ್ಯೇಕವಾದದ್ದು 1939ರಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಗಳೆಲ್ಲ ಮೈಸೂರು ಸೀಮೆಯೊಳಗೇ ಸೇರಿದ್ದವು. ಆದುದರಿಂದ ಆ ಊರುಗಳ ಹೊಲಗದ್ದೆಗಳಲ್ಲಿ, ಜಗಲಿಗಳಲ್ಲಿ ಜನರು ಆಡುವ ಎಷ್ಟೋ ಮಾತುಗಳನ್ನು ಇಂದಿಗೂ ಆ ನಿಘಂಟಿನ ಪುಟಗಳಲ್ಲಿ ಕಾಣಬಹುದು.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟೊರೇಟ್ ಪದವಿಯನ್ನಿತ್ತಿತು. ತಮ್ಮ ಕೊನೆಯ ವರ್ಷಗಳನ್ನು ಅವರು ಅದೇ ಟ್ಯೂಬಿಂಗನ್ ನಗರದಲ್ಲಿ ಕಳೆದರು. ಅಲ್ಲಿಯೂ ಕನ್ನಡ ಅವರನ್ನು ಬಿಡಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ 1903ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಅವರು ನಿಧನ ಹೊಂದಿದರು. ಪ್ರೊಫೆಸರ್ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆ ನಿಘಂಟನ್ನು ಮುಂದೆ ಮದರಾಸು ವಿಶ್ವವಿದ್ಯಾನಿಲಯವು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ.

ಪ್ರತಿಮೆಯು ನಿಂತಿರುವುದು ಕಿಟ್ಟೆಲರೊಬ್ಬರದು. ಆದರೆ ಆ ನಿಘಂಟಿಗೆ ತೆತ್ತ ಬೆಲೆಯಲ್ಲಿ ಇತರರ ಪಾಲೂ ಇದೆ. ಪರನಾಡಿಗೆ ಬಂದು ಚಿಕ್ಕ ವಯಸ್ಸಿನಲ್ಲಿಯೇ ಕಣ್ಮುಚ್ಚಿದ ಪೌಲೀನ್, ಸೋದರಿಯ ಸ್ಥಾನವನ್ನು ತುಂಬಿ ಮುಂದೆ ಒಬ್ಬಂಟಿಯಾಗಿ ಮನೆಯನ್ನು ನಡೆಸಿದ ಜೂಲಿ, ತಂದೆಯ ಸಾಮೀಪ್ಯವಿಲ್ಲದೆ ಬೆಳೆದ ಮಕ್ಕಳು—ಇವರ ಹೆಸರುಗಳು ನಿಘಂಟಿನ ಮುಖಪುಟದಲ್ಲಿಲ್ಲ. ಮೊಗ್ಲಿಂಗರು ಸಂಸಾರಕ್ಕಾಗಿ ಕಾರ್ಯಕ್ಷೇತ್ರವನ್ನು ಬಿಟ್ಟರು. ಕಿಟ್ಟೆಲರು ಕಾರ್ಯಕ್ಕಾಗಿ ಸಂಸಾರವನ್ನು ಅಗಲಿದರು. ಇವರಲ್ಲಿ ಒಬ್ಬರು ಮಾಡಿದುದು ಸರಿ, ಇನ್ನೊಬ್ಬರು ಮಾಡಿದುದು ತಪ್ಪು ಎಂದು ತೀರ್ಪು ಕೊಡುವುದು ಸುಲಭವಲ್ಲ. ಇಂದು ಸಾಗರದಾಚೆಯಿರುವ ಮಗನ ಮುಖವನ್ನು ಮಳವಳ್ಳಿಯ ತಾಯಿ ಮನೆಯಲ್ಲಿಯೇ ಕುಳಿತು ದೂರವಾಣಿಯಲ್ಲಿ ನೋಡಬಲ್ಲಳು. ಜೂಲಿಯವರಿಗೆ ಆ ಸೌಲಭ್ಯವಿರಲಿಲ್ಲ. ಆದರೂ ಅಗಲಿಕೆ ಅಂದಿನಂತೆ ಇಂದೂ ಅಗಲಿಕೆಯೇ. ಒಬ್ಬನು ದೂರದೇಶದಲ್ಲಿ ಸಾಧಿಸಿದ ಕೆಲಸವನ್ನು ಮೆಚ್ಚುವಾಗ, ಅವನೊಡನೆ ಹೋದವರನ್ನೂ, ಅವನಿಗಾಗಿ ಮನೆಯಲ್ಲಿ ಉಳಿದವರನ್ನೂ ನೆನೆಯುವುದು ನ್ಯಾಯ. ಕಿಟ್ಟೆಲರ ನಿಘಂಟಿನಲ್ಲಿ ಪದವೊಂದರ ಅರ್ಥವನ್ನು ಹುಡುಕುವ ಕನ್ನಡಿಗನು ಜೂಲಿ ಮತ್ತು ಪೌಲೀನರಿಗೂ ಋಣಿಯಾಗಿದ್ದಾನೆ.