ಬೆಳೆಯೋ ವಯಸ್ಸು, ದೊಡ್ಡದೇ ಇರಲಿ!

ಶಾಲೆಗೆ ಹೋಗುವಾಗ ಅಮ್ಮ ಪ್ರತಿ ಜೂನ್‌ನಲ್ಲೂ ನನಗೆ ಒಂದು ಸೈಜ್ ದೊಡ್ಡ ಯೂನಿಫಾರ್ಮೇ ತರುತ್ತಿದ್ದರು. ಬೆಳೆಯೋ ವಯಸ್ಸು, ಸ್ವಲ್ಪ ದೊಡ್ಡದೇ ಇರಲಿ ಎನ್ನುವುದು ಅವರ ಲೆಕ್ಕ. ನಿಮ್ಮ ಮನೆಯಲ್ಲೂ ಇದೇ ಲೆಕ್ಕ ಇದ್ದಿರಬೇಕು. ಇದೇ ಲೆಕ್ಕವನ್ನು ಮೊನ್ನೆ ನಾನು ನಮ್ಮಣ್ಣನಿಗೆ ಹೇಳಿ, ಒಂದು ರಾತ್ರಿ ನಿದ್ದೆಗೆಟ್ಟೆ.

ಅಣ್ಣ ಅಂದರೆ ದೊಡ್ಡಮ್ಮನ ಮಗ. ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಒಮ್ಮೆ ಸ್ಕೂಬಾ ಡೈವಿಂಗ್ ಮಾಡಿದಾಗಿನಿಂದ ಅವನಿಗೆ ಸಮುದ್ರದ ಹುಚ್ಚು. ಈಗ ಸ್ಕಾಟ್ಲೆಂಡ್‌ನಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ಅಲ್ಲಿನ ವಿದ್ಯಾರ್ಥಿಗಳ ಡೈವಿಂಗ್ ಕ್ಲಬ್ ಸೇರಿ ತರಬೇತಿಯನ್ನೂ ಮುಗಿಸಿದ. ಪಾರ್ಟ್ ಟೈಮ್ ಕೆಲಸದಲ್ಲಿ ಉಳಿಸಿದ ದುಡ್ಡಿನಲ್ಲಿ ಸ್ವಂತದ ಮೊದಲ ಕಿಟ್ ಕೊಳ್ಳಬೇಕಿತ್ತು. ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ ತೆಳು ಸೂಟ್ ಸಾಕು. ಅಲ್ಲಿ ಬೇಸಿಗೆಯಲ್ಲೂ ಸಮುದ್ರ 13-14 ಡಿಗ್ರಿಯ ಆಸುಪಾಸು. ಹಾಗಾಗಿ ಒಳಗೆ ನೀರೇ ಬರದ ಡ್ರೈ ಸೂಟ್ ಬೇಕು. ಕ್ಲಬ್ ಬಿಡುತ್ತಿದ್ದ ಸೀನಿಯರ್ ಒಬ್ಬರು ತಮ್ಮ ಸೂಟನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎಂದಿದ್ದರು. ಆದರೆ ಅದು ಒಂದು ಸೈಜ್ ದೊಡ್ಡದು. ಮನೆಯಲ್ಲಿ ಮೆಕ್ಯಾನಿಕಲ್ ಓದುತ್ತಿರುವುದು ನಾನೊಬ್ಬನೇ ಎಂದು ಅಣ್ಣ ನನ್ನನ್ನೇ ಕೇಳಿದ. ಒಳಗೆ ಎರಡು ಸ್ವೆಟರ್ ಹಾಕಿಕೊಂಡರೆ ಸರಿಹೋಗುತ್ತೆ, ತಗೋ ಎಂದುಬಿಟ್ಟೆ.

ಫೋನಿಟ್ಟ ಮೇಲೆ ಏನೋ ಕಸಿವಿಸಿ. ಡೈವಿಂಗ್ ಬಗ್ಗೆ ಓದುತ್ತಾ ಕೂತೆ. ಆಗ ಸಿಕ್ಕಿದ್ದು ಜೆ.ಬಿ.ಎಸ್. ಹಾಲ್ಡೇನ್ ಅವರ ಬದುಕು. ಪಿಯುಸಿ ಬಯಾಲಜಿಯಲ್ಲಿ ಜೀವದ ಉಗಮದ ಪಾಠದಲ್ಲಿ ಒಪಾರಿನ್ ಜೊತೆ ಬರುತ್ತದಲ್ಲ, ಅದೇ ಹೆಸರು.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಮನೆಯವರ ಬಾಯಲ್ಲಿ ಜ್ಯಾಕ್. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ. ವಿಷಾನಿಲ ಎಲ್ಲಿದೆಯೋ ಅಲ್ಲಿಗೆ ತಾವೇ ನುಗ್ಗುವವರು, ಮಗನನ್ನೂ ಕರೆದೊಯ್ಯುವವರು. ಒಮ್ಮೆ ಕಲ್ಲಿದ್ದಲು ಗಣಿಯಲ್ಲಿ ಮಗನನ್ನು ನಿಲ್ಲಿಸಿ ಷೇಕ್ಸ್‌ಪಿಯರ್ ನಾಟಕದ ಭಾಷಣವೊಂದನ್ನು ಒಪ್ಪಿಸಲು ಹೇಳಿದರು. ಸ್ವಲ್ಪ ಹೊತ್ತಿಗೇ ಹುಡುಗನಿಗೆ ಏದುಸಿರು, ಕಾಲು ಕುಸಿದು ಬಿದ್ದ. ನೆಲದ ಹತ್ತಿರದ ಗಾಳಿ ಚೆನ್ನಾಗಿತ್ತು, ಚೇತರಿಸಿಕೊಂಡ. ಮೀಥೇನ್ ಗಾಳಿಗಿಂತ ಹಗುರ, ಮೇಲ್ಗಡೆ ಸೇರಿಕೊಳ್ಳುತ್ತದೆ ಎನ್ನುವುದನ್ನು ಅವನು ಆಮೇಲೆ ಮರೆಯಲಿಲ್ಲ.

ಆ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಮುಳುಗುಗಾರರಿಗೆ ದೊಡ್ಡ ಕಂಟಕವಾಗಿದ್ದದ್ದು ಬೆಂಡ್ಸ್. ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ರಕ್ತ, ಮಾಂಸಖಂಡಗಳಲ್ಲಿ ಕರಗುತ್ತದೆ. ಸರ್ರನೆ ಮೇಲೆ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಗುಳ್ಳೆ ಏಳುತ್ತದೆ. ಕೀಲು ನೋವಿನಿಂದ ಹಿಡಿದು ಲಕ್ವ, ಸಾವಿನ ತನಕ ಏನೂ ಆಗಬಹುದು. ತಂದೆ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ, ಆಳದ ಒತ್ತಡದ ಅರ್ಧಕ್ಕೆ ಬೇಗ ಬರಬಹುದು, ಅಲ್ಲಿಂದ ಮುಂದೆ ನಿಂತು ನಿಂತು ಬರಬೇಕು ಎಂದು ಕಂಡುಕೊಂಡರು. 1906ರಲ್ಲಿ ಸ್ಕಾಟ್ಲೆಂಡಿನ ರೋತ್ಸೆ ಬಳಿ ಸ್ಪ್ಯಾಂಕರ್ ಎಂಬ ಹಡಗಿನಿಂದ ಸಮುದ್ರದಲ್ಲಿ ಪರೀಕ್ಷೆ ನಡೆಯಿತು. ನೌಕಾಪಡೆಯ ಇಬ್ಬರು 210 ಅಡಿ ಆಳಕ್ಕೆ ಹೋಗಿ ಸುರಕ್ಷಿತವಾಗಿ ಬಂದರು. 1908ರಲ್ಲಿ ಪ್ರಕಟವಾದ ಆ ಕೋಷ್ಟಕದ ತತ್ವವೇ ಮುಂದಿನ ಡೈವಿಂಗ್ ಕೋಷ್ಟಕಗಳಿಗೆ ಬುನಾದಿ.

ಆ ಹಡಗಿನಲ್ಲಿ 13 ವರ್ಷದ ಜ್ಯಾಕ್ ಕೂಡ ಇದ್ದ. ಅವನನ್ನೂ ಇಳಿಸಿದರು. ತಾಮ್ರದ ಹೆಲ್ಮೆಟ್, ಸೀಸದ ಅಟ್ಟೆಯ ಬೂಟು, ರಬ್ಬರ್ ಬಳಿದ ದಪ್ಪ ಬಟ್ಟೆಯ ಸೂಟ್, ಮೇಲಿನಿಂದ ಪಂಪ್ ಮಾಡುವ ಗಾಳಿ. ಸೂಟ್ ದೊಡ್ಡವರ ಅಳತೆಯದು. ಹುಡುಗನ ಸಣ್ಣ ಮಣಿಕಟ್ಟಿಗೆ ತೋಳಿನ ರಬ್ಬರ್ ಬಿಗಿಯಾಗಿ ಕೂರಲಿಲ್ಲ. ಸುಮಾರು 40 ಅಡಿ ಆಳದಲ್ಲಿ ಸೂಟಿನೊಳಗೆ ಆ ಕೊರೆಯುವ ನೀರು ಏರುತ್ತಾ ಬಂತು. ಹುಡುಗ ಗಾಬರಿಯಾಗದೆ ಗಾಳಿಯ ವಾಲ್ವನ್ನು ಹೊಂದಿಸುತ್ತಾ ನೀರು ಮುಖಕ್ಕೆ ಬರದಂತೆ ನೋಡಿಕೊಂಡ. ಮೇಲೆ ಎಳೆದುಕೊಂಡಾಗ ಗಡಗಡ ನಡುಗುತ್ತಿದ್ದ.

ಇದನ್ನು ಓದಿ ನನಗೆ ಮೆಚ್ಚುಗೆಗಿಂತ ಮೊದಲು ಕೋಪ ಬಂತು. ಮಗನ ಧೈರ್ಯ ಅಳೆದ ಅಪ್ಪ, ಮಗನ ಮಣಿಕಟ್ಟು ಅಳೆಯಲಿಲ್ಲವಲ್ಲ! ಹೊತ್ತು ನೋಡದೆ ಆಗಲೇ ಅಣ್ಣನಿಗೆ ಮೆಸೇಜ್ ಹಾಕಿದೆ. ದುಡ್ಡು ಕೊಡಬೇಡ, ಮೊದಲು ಹಾಕಿ ನೋಡು. ಬ್ಲೂ ಟಿಕ್ ಬರಲಿಲ್ಲ. ಓದು ಮುಂದುವರಿಸಿದೆ.

ಕೆಲಸ ಹುಡುಕುತ್ತಿರುವವರು ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಹಾಲ್ಡೇನ್ ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದರೂ ಪದವಿ ಮುಗಿಸಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ವಶಾಸ್ತ್ರದಲ್ಲಿ. ವಿಜ್ಞಾನದ ಪದವಿ ಅವರಿಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಹೋರಾಡಿ, ಇರಾಕ್‌ನಲ್ಲಿ ಗಾಯಗೊಂಡು, ಚೇತರಿಸಿಕೊಳ್ಳಲು ಭಾರತಕ್ಕೆ ಬಂದರು. ಈ ದೇಶ ಅವರ ಮನಸ್ಸಿಗೆ ಹಿಡಿಸಿದ್ದು ಆಗಲೇ. ಮುಂದೆ ಕೇಂಬ್ರಿಜ್‌ನಲ್ಲಿ ಜೀವರಸಾಯನ ಕಲಿಸಿದರು, ಲಂಡನ್‌ನಲ್ಲಿ ತಳಿಶಾಸ್ತ್ರದ ಪ್ರೊಫೆಸರ್ ಆದರು. ವಿಕಾಸವಾದಕ್ಕೆ ಗಣಿತದ ಬಲ ಕೊಟ್ಟ ಮೂವರು ಪ್ರಮುಖರಲ್ಲಿ ಅವರೊಬ್ಬರು. 1926ರಲ್ಲಿ ಅವರು ಬರೆದ ಒಂದು ಪ್ರಸಿದ್ಧ ಪ್ರಬಂಧದ ವಿಷಯವೇ ಸರಿಯಾದ ಗಾತ್ರ. ಸಣ್ಣ ಪ್ರಾಣಿಗೆ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಜಾಸ್ತಿ, ಅದಕ್ಕೇ ಬೇಗ ಶಾಖ ಕಳೆದುಕೊಳ್ಳುತ್ತದೆ ಎಂದು ಅದರಲ್ಲಿ ವಿವರಿಸಿದ್ದಾರೆ. ಬರೆಯುವಾಗ ಅವರಿಗೆ ರೋತ್ಸೆಯ ನೀರು ನೆನಪಾಗಿತ್ತೋ ಏನೋ!

ಆ ತಣ್ಣೀರು ಅವರನ್ನು ಬಿಡಲಿಲ್ಲ. 1939ರ ಜೂನ್ 1ರಂದು ಥೀಟಿಸ್ ಎಂಬ ಹೊಸ ಬ್ರಿಟಿಷ್ ಸಬ್‌ಮರೀನ್ ಲಿವರ್‌ಪೂಲ್ ಕೊಲ್ಲಿಯಲ್ಲಿ ಪರೀಕ್ಷಾರ್ಥ ಮುಳುಗಿದ್ದು ಮೇಲೇಳಲಿಲ್ಲ. 99 ಮಂದಿ ಸತ್ತರು, ನಾಲ್ವರು ಮಾತ್ರ ಪಾರಾದರು. ಸತ್ತವರಲ್ಲಿ ಹಡಗುಕಟ್ಟೆಯ ಕಾರ್ಮಿಕರೂ ಇದ್ದರು. ಅವರ ಸಂಘಟನೆಯ ಪರವಾಗಿ ಕಾರಣ ಹುಡುಕಲು ಹೊರಟ ಹಾಲ್ಡೇನ್, ನಾಲ್ವರು ಗೆಳೆಯರೊಂದಿಗೆ ಗಾಳಿಯಾಡದ ಕಬ್ಬಿಣದ ಕೋಣೆಯಲ್ಲಿ ಕೂತರು. ಉಸಿರು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ತಲೆ ಸಿಡಿಯುವವರೆಗೂ ಎದ್ದು ಬರಲಿಲ್ಲ.

ಯುದ್ಧಕಾಲದಲ್ಲಿ ನೌಕಾಪಡೆಗಾಗಿ ಇದೇ ಕೆಲಸ ಮುಂದುವರಿಯಿತು. ಸಬ್‌ಮರೀನ್‌ನಿಂದ ತಪ್ಪಿಸಿಕೊಳ್ಳುವವನಿಗೆ ಒತ್ತಡ, ಕೆಟ್ಟ ಗಾಳಿ, ಚಳಿ ಮೂರೂ ಒಟ್ಟಿಗೆ ಎದುರಾಗುತ್ತವೆ. ಹಾಗಾಗಿ 50ರ ಹತ್ತಿರದ ಪ್ರೊಫೆಸರ್ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮಲಗಿ, ಹತ್ತು ಪಟ್ಟು ವಾಯುಭಾರದ ಒತ್ತಡ ಏರಿಸಿಕೊಂಡರು. ಅದು ಸುಮಾರು 90 ಮೀಟರ್ ಆಳಕ್ಕೆ ಸಮ. ಆ ಒತ್ತಡದಲ್ಲಿ ಬುದ್ಧಿ ಎಷ್ಟು ಮಂಕಾಗುತ್ತದೆ ಎಂದು ತಿಳಿಯಲು ಕೋಣೆಯೊಳಗೇ ಗುಣಾಕಾರದ ಲೆಕ್ಕ ಮಾಡಿದರು, ಮಾಡಿಸಿದರು. ಒತ್ತಡದಲ್ಲಿ ಶುದ್ಧ ಆಮ್ಲಜನಕವೇ ಸೆಳೆತ ತರುತ್ತದೆ ಎನ್ನುವುದನ್ನು ತಮ್ಮ ಮೈಮೇಲೇ ಕಂಡರು. ಅಂಥ ಒಂದು ಸೆಳೆತದಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ, ಆ ನೋವು ಕೊನೆಯ ತನಕ ಉಳಿಯಿತು.

1957ರಲ್ಲಿ ಪತ್ನಿ ಹೆಲೆನ್ ಸ್ಪರ್ವೇ ಜೊತೆ ಭಾರತಕ್ಕೆ ಬಂದ ಹಾಲ್ಡೇನ್, ಮಹಲನೋಬಿಸ್ ಅವರು ಕಟ್ಟಿದ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. ಕುರ್ತಾ ತೊಟ್ಟರು, ಸಸ್ಯಾಹಾರಿಯಾದರು, ಭಾರತದ ಪೌರತ್ವವನ್ನೂ ಪಡೆದರು. ಕೊನೆಗೆ ಭುವನೇಶ್ವರದಲ್ಲಿ ಪ್ರಯೋಗಾಲಯ ಕಟ್ಟಿ, 1964ರ ಡಿಸೆಂಬರ್ 1ರಂದು ಕ್ಯಾನ್ಸರ್‌ನಿಂದ ಅಲ್ಲೇ ತೀರಿಕೊಂಡರು. ಜೀವನವಿಡೀ ಪ್ರಯೋಗಕ್ಕೆ ಒಡ್ಡಿದ್ದ ದೇಹವನ್ನು ಅವರ ಇಚ್ಛೆಯಂತೆ ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಕೊಡಲಾಯಿತು.

ಬೆಳಿಗ್ಗೆ ಅಣ್ಣನ ಫೋನ್ ಬಂತು. ಸೂಟ್ ಹಾಕಿ ನೋಡಿದನಂತೆ. ಮಣಿಕಟ್ಟಿನ ರಬ್ಬರ್ ಒಳಗೆ ಎರಡು ಬೆರಳು ಆರಾಮಾಗಿ ಹೋಯಿತಂತೆ. ಸ್ವೆಟರ್ ಹಾಕಿದರೆ ಹೊಟ್ಟೆ ತುಂಬೀತು, ಮಣಿಕಟ್ಟು ದಪ್ಪ ಆಗುತ್ತಾ? ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಒಳಉಡುಪು ಒದ್ದೆಯಾದರೆ ಡ್ರೈ ಸೂಟ್ ಹೆಸರಿಗಷ್ಟೇ ಡ್ರೈ.

ಇಬ್ಬರೂ ಕೂತು ಹೊಸ ಪಟ್ಟಿ ಮಾಡಿದೆವು. ಸೂಟು ಸದ್ಯಕ್ಕೆ ಬಾಡಿಗೆಗೆ, ಅಳತೆ ಸರಿಯಾದದ್ದು ಸಿಕ್ಕಾಗ ಸ್ವಂತಕ್ಕೆ. ಮೈಗೆ ಅಂಟುವ ಹುಡ್, ಗ್ಲೌಸ್, ಬೆಚ್ಚನೆಯ ಒಳಉಡುಪು ಈಗಲೇ. ರೆಗ್ಯುಲೇಟರ್ ಮಾತ್ರ ತಣ್ಣೀರಿಗೆ ಪರೀಕ್ಷೆಯಾದದ್ದೇ ಬೇಕು. ಸಿಲಿಂಡರ್‌ನ 200 ಬಾರ್ ಗಾಳಿ ಒಮ್ಮೆಲೇ ಹಿಗ್ಗುವಾಗ ತಣ್ಣಗಾಗುತ್ತದೆ, ನೀರೂ ತೀರಾ ತಣ್ಣಗಿದ್ದರೆ ವಾಲ್ವ್ ಮಂಜುಗಟ್ಟಿ ತೆರೆದೇ ಉಳಿದು ಗಾಳಿಯೆಲ್ಲ ಸೋರಿಹೋಗಬಹುದು. ಥರ್ಮೋಡೈನಾಮಿಕ್ಸ್ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದೆ!

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ನಕ್ಕರು. ಮುಂದಿನ ವರ್ಷ ಪ್ಲೇಸ್‌ಮೆಂಟ್‌ಗೆ ಬ್ಲೇಜರ್ ಬೇಕಲ್ಲ, ರೆಡಿಮೇಡ್ ಬೇಡ, ಅಳತೆ ಕೊಟ್ಟೇ ಹೊಲಿಸೋಣ ಎಂದಿದ್ದಾರೆ.