ಕೊಳ್ಳೋರಿಲ್ಲದ ಕಬ್ಬಿಣ

ಸೆಪ್ಟೆಂಬರ್ 15 ಬಂದ್ರೆ ನಮ್ಮ ಕಾಲೇಜಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳತ್ತೆ, ಭಾಷಣದಲ್ಲಿ ಕನ್ನಂಬಾಡಿ ಬರತ್ತೆ. ಭದ್ರಾವತಿ ಬರೋದು ಒಂದು ಸಾಲು, ಅಷ್ಟೇ. ನಮಗೆ ಆ ಒಂದು ಸಾಲೇ ಜಾಸ್ತಿ ಇಷ್ಟ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಮುಂಬೈ ಸರ್ಕಾರದಲ್ಲಿ ಕೆಲಸ ಮಾಡಿ, 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. 1912ರಿಂದ 1918ರವರೆಗೆ ದಿವಾನರು. ಇದೆಲ್ಲ ನಿಮಗೆ ಗೊತ್ತಿರೋದೇ.

ದಿವಾನರಾಗಿದ್ದಾಗ ಅವರು ಪಟ್ಟು ಹಿಡಿದ ಯೋಜನೆಗಳಲ್ಲಿ ಒಂದು ಕಬ್ಬಿಣದ ಕಾರ್ಖಾನೆ. ಅದಿರು ಇದ್ದದ್ದು ಆಗಿನ ಕಡೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಲ್ಲಿ. ಮೈಸೂರಲ್ಲಿ ಕಲ್ಲಿದ್ದಲು ಇಲ್ಲ, ಆದ್ರೆ ಮಲೆನಾಡಲ್ಲಿ ಕಾಡಿದೆ. ಸೌದೆಯನ್ನ ಇದ್ದಿಲು ಮಾಡಿ ಅದರಲ್ಲೇ ಕಬ್ಬಿಣ ಕರಗಿಸೋದು, ಸೌದೆ ಸುಡುವಾಗ ಬರೋ ಮರದ ಆಲ್ಕೋಹಾಲ್, ಟಾರ್ ಮುಂತಾದವನ್ನೂ ಮಾರೋದು ಅನ್ನೋದು ಲೆಕ್ಕ. ಮೊದಲ ಮಹಾಯುದ್ಧದ ಕಾಲ ಬೇರೆ, ಎಲ್ಲದಕ್ಕೂ ಒಳ್ಳೆ ರೇಟ್ ಇತ್ತು. ಪೇಪರ್ ಮೇಲೆ ಲೆಕ್ಕ ಚೆನ್ನಾಗೇ ಕೂತಿತ್ತು.

ಕುಲುಮೆ ಉರಿದದ್ದು 1923ರಲ್ಲಿ. ಅಷ್ಟೊತ್ತಿಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮರವೇ ಇಲ್ಲದೆ ಮೆಥನಾಲ್ ತಯಾರಿಸೋಕೆ ಶುರುಮಾಡಿತು. ಕೆಮಿಕಲ್ ಬ್ರ್ಯಾಂಚಿನ ಗೆಳೆಯರಿಗೆ ಇದರ ಏಟು ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಇದ್ದಿಲಿನ ಕಬ್ಬಿಣದಲ್ಲಿ ಗಂಧಕ ಕಡಿಮೆ, ಗುಣ ಮೇಲು. ಆದ್ರೆ ಕಲ್ಲಿದ್ದಲಿನ ಕೋಕ್‌ನಲ್ಲಿ ಮಾಡಿದ ಕಬ್ಬಿಣ ಅಗ್ಗಕ್ಕೆ ಸಿಗ್ತಿರುವಾಗ ಮಾಮೂಲಿ ಫೌಂಡ್ರಿಯವನಿಗೆ ಆ ಗುಣ ಕಟ್ಕೊಂಡು ಏನಾಗಬೇಕು? ಸಾಲದ್ದಕ್ಕೆ ಸಾಗಣೆ ಖರ್ಚು. ಭದ್ರಾವತಿಯಿಂದ ರೈಲಲ್ಲಿ ಹೊರಡೋ ಸರಕು ತರೀಕೆರೆ ದಾಟಿ ಬೀರೂರಿಗೆ ಬರಬೇಕು. ಅಲ್ಲಿಂದ ಒಂದು ದಾರಿ ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ, ಇನ್ನೊಂದು ಕಡೂರಿನ ಮೇಲೆ ಬೆಂಗಳೂರಿಗೆ. ಬಂದರು ಎರಡು ಕಡೆಯೂ ದೂರ.

ಕಾರ್ಖಾನೆ ನಷ್ಟಕ್ಕೆ ಬಿತ್ತು. ಪ್ರಜೆಗಳ ದುಡ್ಡು ಬೆಂಕಿಗೆ ಹೋಯ್ತು ಅನ್ನೋ ಟೀಕೆ ಎದ್ದಿತು. ದಿವಾನಗಿರಿ ಬಿಟ್ಟು ನಾಲ್ಕು ವರ್ಷದ ಮೇಲಾಗಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿ ಕರೆಯಿತು. ಅರವತ್ತು ದಾಟಿದ್ದ ಅವರು ಬೇಡ ಅನ್ನಬಹುದಿತ್ತು. ಒಪ್ಪಿಕೊಂಡರು, 1929ರವರೆಗೆ ಇದ್ದರು.

ಮೊದಲು ಖರ್ಚಿಗೆ ಕೈ ಹಾಕಿದರು. ದುಬಾರಿ ವಿದೇಶಿ ತಜ್ಞರ ಜಾಗಕ್ಕೆ ನಮ್ಮೋರನ್ನೇ ತಯಾರು ಮಾಡಿದರು. ಆದ್ರೆ ಖರ್ಚು ಎಷ್ಟೇ ಇಳಿಸಿದರೂ ಗಿರಾಕಿ ತಾನಾಗಿ ಬರಲ್ವಲ್ಲ! ನಮ್ಮ ಪ್ರಕಾರ ಅಸಲಿ ಬುದ್ಧಿವಂತಿಕೆ ಇರೋದು ಪೈಪಿನಲ್ಲಿ. ಕಬ್ಬಿಣದ ಗಟ್ಟಿ ಬೇಕಾಗಿರೋದು ಫೌಂಡ್ರಿಗೆ ಮಾತ್ರ. ಅದನ್ನೇ ಎರಕದ ಪೈಪ್ ಮಾಡಿದ್ರೆ ನಲ್ಲಿ ನೀರು ಹಾಕಿಸೋ ಪ್ರತಿ ಊರೂ ಗಿರಾಕಿ. ಊರುಗಳಿಗೆ ನೀರು ಸರಬರಾಜು, ಒಳಚರಂಡಿ ಯೋಜನೆ ಮಾಡಿಕೊಟ್ಟೇ ಹೆಸರು ಗಳಿಸಿದ್ದ ಇಂಜಿನಿಯರ್‌ಗೆ ಇದು ಹೊಳೆಯದೆ ಇರುತ್ತಾ? ಭದ್ರಾವತಿಯಲ್ಲಿ ಪೈಪ್ ಫೌಂಡ್ರಿ ಎದ್ದಿತು. ಬೇರೆಯವರು ಕೊಳ್ಳದ ಕಬ್ಬಿಣಕ್ಕೆ ಕಾರ್ಖಾನೆ ತಾನೇ ಗಿರಾಕಿ ಆಯ್ತು. ಇವತ್ತಿನ ಸ್ಟಾರ್ಟಪ್‌ನೋರು ಇದಕ್ಕೆ ಪಿವಟ್ ಅಂತಾರೆ, ಸ್ಲೈಡ್ ಮಾಡಿ ತೋರಿಸ್ತಾರೆ.

ಲಾಭ ರಾತ್ರೋರಾತ್ರಿ ಸುರಿಯಲಿಲ್ಲ. ಆದ್ರೆ ಬಾಗಿಲು ಹಾಕೋ ಮಾತು ನಿಂತಿತು. 1936ರಲ್ಲಿ ಉಕ್ಕು ಶುರುವಾಯ್ತು, ಆಮೇಲೆ ಸಿಮೆಂಟ್.

ಅಧ್ಯಕ್ಷಗಿರಿಯ ಸಂಬಳವನ್ನ ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕಸುಬು ಕಲಿಸೋ ಒಂದು ಸಂಸ್ಥೆ ಆಗಲಿ ಅಂತ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡ ಅಂದರು. ಬೆಂಗಳೂರಿನ ಕೆ.ಆರ್. ಸರ್ಕಲ್‌ನಿಂದ ನಡೆದೇ ಹೋಗಬಹುದಾದ ಎಸ್‌ಜೆಪಿ, ಅಂದ್ರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಅದೇ. ನಮ್ಮ ಕ್ಲಾಸಿಗೆ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿರೋರಲ್ಲಿ ಅಲ್ಲಿಂದ ಬಂದೋರೂ ಇದ್ದಾರೆ.