ಗಂಡನ ಮನೆಯೋ, ಜೈಲೋ: ಡಾ. ರಖ್ಮಾಬಾಯಿ ತೆತ್ತ ಬೆಲೆ

ಮದುವೆಯಿಂದ ಹೊರಬಂದ ಹೆಣ್ಣುಮಕ್ಕಳ ಬಗ್ಗೆ ನಮ್ಮಲ್ಲಿ ಎರಡು ಮಾತು ಯಾವಾಗಲೂ ಸಿದ್ಧವಾಗಿರುತ್ತವೆ. ಓದಿದ್ದು ಜಾಸ್ತಿ ಆಯ್ತು, ಅದಕ್ಕೇ ಸಂಸಾರ ಮುರೀತು ಅನ್ನೋದು ಒಂದು. ಕೈಯಲ್ಲಿ ಕೆಲಸ ಇದೆಯಲ್ಲ, ಅವಳಿಗೇನು ಕಷ್ಟ ಅನ್ನೋದು ಇನ್ನೊಂದು. 19ನೇ ಶತಮಾನದ ಬಾಂಬೆಯಲ್ಲಿ ಮೊದಲನೇ ಮಾತನ್ನು ಪತ್ರಿಕೆಗಳ ಅಂಕಣಗಳಲ್ಲೇ ಓದಬೇಕಾಗಿ ಬಂದ ಒಬ್ಬ ಯುವತಿ ಇದ್ದರು. ಎರಡನೇ ಮಾತು ಎಷ್ಟು ಪೊಳ್ಳು ಅನ್ನೋದನ್ನೂ ಅವರ ಬದುಕು ತೋರಿಸುತ್ತದೆ. ಅವರೇ ರಖ್ಮಾಬಾಯಿ, ಭಾರತದಲ್ಲಿ ವೈದ್ಯವೃತ್ತಿ ನಡೆಸಿದ ಮೊದಲ ತಲೆಮಾರಿನ ಮಹಿಳಾ ಡಾಕ್ಟರುಗಳಲ್ಲಿ ಒಬ್ಬರು.

ರಖ್ಮಾಬಾಯಿ ಹುಟ್ಟಿದ್ದು 1864ರ ನವೆಂಬರ್ 22ರಂದು, ಬಾಂಬೆಯ ಬಡಗಿ ಸಮುದಾಯದ ಒಂದು ಕುಟುಂಬದಲ್ಲಿ. ತಾಯಿ ಜಯಂತಿಬಾಯಿ ಬಾಲ್ಯದಲ್ಲೇ ಮದುವೆಯಾಗಿ, ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವರು. ಅವರ ಸಮುದಾಯದಲ್ಲಿ ವಿಧವೆಯರ ಮರುಮದುವೆಗೆ ಅವಕಾಶವಿತ್ತು. ಜಯಂತಿಬಾಯಿ ನಗರದ ಹೆಸರಾಂತ ವೈದ್ಯ, ಸಸ್ಯಶಾಸ್ತ್ರದ ವಿದ್ವಾಂಸ ಡಾ. ಸಖಾರಾಮ್ ಅರ್ಜುನ್ ಅವರನ್ನು ಮದುವೆಯಾದರು. ಅದಕ್ಕೂ ಮುನ್ನ, ಗಂಡನಿಂದ ಬಂದ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿಟ್ಟರು. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೇನೋ ಮಾನ್ಯತೆ ಕೊಟ್ಟಿತ್ತು, ಆದರೆ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಬಿಡಬೇಕಿತ್ತು. ತಾಯಿಯ ಈ ಒಂದು ಮುಂದಾಲೋಚನೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದಕ್ಕೆಲ್ಲ ಇದೇ ಆಧಾರ.

ರಖ್ಮಾಬಾಯಿಗೆ 11 ವರ್ಷವಾದಾಗ ಮಲತಂದೆಯ ಸಂಬಂಧಿ, 19ರ ದಾದಾಜಿ ಭಿಕಾಜಿ ಜೊತೆ ಮದುವೆಯಾಯಿತು. ದಾದಾಜಿ ಮನೆಅಳಿಯನಾಗಿ ಇದ್ದುಕೊಂಡು ಓದಿ ಒಂದು ದಡ ಸೇರಬೇಕು ಎಂಬುದು ಮಾತು. ಆತ ಓದಲಿಲ್ಲ, ಸೋದರಮಾವನ ಮನೆ ಸೇರಿಕೊಂಡ, ಸಾಲವೂ ಬೆಳೆಯಿತು. ಇತ್ತ ಹುಡುಗಿಯ ಶಾಲೆ ಮದುವೆಯ ಹೊತ್ತಿಗೆ ನಿಂತುಹೋಗಿತ್ತು. ಆದರೂ ಆಕೆ ಮನೆಯಲ್ಲೇ ಪುಸ್ತಕ ತರಿಸಿಕೊಂಡು ಓದಿದಳು, ಇಂಗ್ಲಿಷ್ ಕಲಿತಳು. ಮಲತಂದೆಯ ಮನೆಗೆ ಬರುತ್ತಿದ್ದ ಸಮಾಜ ಸುಧಾರಕರ ಮಾತುಗಳಿಗೆ ಕಿವಿಯಾದಳು. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಎಂದು ಹಟ ಹಿಡಿದಾಗ ಮಲತಂದೆ ಅವಳ ಪರವಾಗಿ ನಿಂತರು.

1884ರಲ್ಲಿ ದಾದಾಜಿ ಬಾಂಬೆ ಹೈಕೋರ್ಟಿಗೆ ಹೋದ. ಕೇಳಿದ್ದು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ, ಅಂದರೆ ಹೆಂಡತಿ ತನ್ನ ಜೊತೆ ಬಂದು ಇರಬೇಕೆಂಬ ಆದೇಶ. ಇದು ಧರ್ಮಶಾಸ್ತ್ರದಿಂದ ಬಂದ ಪರಿಹಾರ ಅಲ್ಲ, ಇಂಗ್ಲೆಂಡಿನ ಚರ್ಚ್ ಕೋರ್ಟುಗಳಿಂದ ಬಂದದ್ದು. ವಿಚಿತ್ರ ನೋಡಿ: ಇಂಥ ಆದೇಶ ಮೀರಿದವರನ್ನು ಜೈಲಿಗೆ ಹಾಕುವ ಪದ್ಧತಿಯನ್ನು ಇಂಗ್ಲೆಂಡ್ ಕೈಬಿಟ್ಟದ್ದೂ ಅದೇ 1884ರಲ್ಲಿ. ಭಾರತದಲ್ಲಿ ಮಾತ್ರ ಜೈಲು ಉಳಿದುಕೊಂಡಿತು.

1885ರ ಏಪ್ರಿಲ್‌ನಲ್ಲಿ ಸಖಾರಾಮ್ ಅರ್ಜುನ್ ತೀರಿಕೊಂಡರು. ರಖ್ಮಾಬಾಯಿಯ ದೊಡ್ಡ ಆಸರೆಯೇ ಕುಸಿಯಿತು. ಅದೇ ವರ್ಷ ಟೈಮ್ಸ್ ಆಫ್ ಇಂಡಿಯಾದಲ್ಲಿ 'ಒಬ್ಬ ಹಿಂದೂ ಮಹಿಳೆ' ಎಂಬ ಅರ್ಥದ ಗುಪ್ತನಾಮದಲ್ಲಿ ಬಾಲ್ಯವಿವಾಹದ ವಿರುದ್ಧ ಪತ್ರಗಳು ಬಂದವು. ಬರೆದವರು ಯಾರೆಂದು ಜನರಿಗೆ ಆಮೇಲೆ ತಿಳಿಯಿತು. ಓದುವ ಆಸೆಯಿದ್ದ ಹುಡುಗಿಯ ಬದುಕನ್ನು ಮದುವೆ ಹೇಗೆ ಅರ್ಧಕ್ಕೇ ನಿಲ್ಲಿಸುತ್ತದೆ ಎಂಬುದು ಅವುಗಳ ತಿರುಳು. ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪು ಕೊಟ್ಟರು. ತಿಳಿವಳಿಕೆ ಬರುವ ಮುನ್ನವೇ ಮದುವೆ ಮಾಡಿಸಿಕೊಂಡು, ಗಂಡನ ಜೊತೆ ಒಂದು ದಿನವೂ ಸಂಸಾರ ಮಾಡದ ಹೆಣ್ಣನ್ನು ಬಲವಂತವಾಗಿ ಕಳಿಸುವುದು ಅನಾಗರಿಕ ಎಂಬುದು ಅವರ ನಿಲುವಾಗಿತ್ತು.

ಬಾಂಬೆ, ಪುಣೆಗಳಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಬಾಲಗಂಗಾಧರ ತಿಲಕರ ಕೇಸರಿ ಪತ್ರಿಕೆ ತೀರ್ಪನ್ನು ಕಟುವಾಗಿ ವಿರೋಧಿಸಿತು, ಇಂಗ್ಲಿಷ್ ಶಿಕ್ಷಣವೇ ಹೆಣ್ಣುಮಕ್ಕಳನ್ನು ಕೆಡಿಸುತ್ತಿದೆ ಎಂದು ವಾದಿಸಿತು. ಬೆಹ್ರಾಮ್‌ಜಿ ಮಲಬಾರಿ, ಪಂಡಿತಾ ರಮಾಬಾಯಿ ಮೊದಲಾದವರು ರಖ್ಮಾಬಾಯಿ ಕಡೆ ನಿಂತರು. ಒಬ್ಬ ಹೆಣ್ಣುಮಗಳ ಮನೆ ಜಗಳ ನೋಡನೋಡುತ್ತಲೇ ಧರ್ಮ, ದೇಶ, ಬ್ರಿಟಿಷ್ ಆಳ್ವಿಕೆಯ ಜಗಳವಾಗಿಬಿಟ್ಟಿತು. ಸ್ವರಾಜ್ಯದ ಪರ ನಿಂತವರೆಲ್ಲ ಹೆಣ್ಣಿನ ಸ್ವಾತಂತ್ರ್ಯದ ಪರ ಇರ್ತಾರೆ ಅಂತ ನಂಬುವ ನಮ್ಮಂಥವರು ಈ ಅಧ್ಯಾಯವನ್ನು ಮತ್ತೆ ಓದಬೇಕು.

ಮೇಲ್ಮನವಿಯಲ್ಲಿ ಪಿನ್ಹೆ ತೀರ್ಪು ನಿಲ್ಲಲಿಲ್ಲ, ಕೇಸು ಮತ್ತೆ ವಿಚಾರಣೆಗೆ ಬಂತು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಆದೇಶ ಹೊರಡಿಸಿದರು: ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳವರೆಗೆ ಜೈಲು. ಜೈಲಿಗೇ ಹೋಗ್ತೀನಿ, ಗಂಡನ ಮನೆಗೆ ಮಾತ್ರ ಹೋಗಲ್ಲ ಅನ್ನೋದು ರಖ್ಮಾಬಾಯಿಯ ಉತ್ತರ. ಆಗ ಅವರಿಗೆ 22 ವರ್ಷ.

ರಾಣಿ ವಿಕ್ಟೋರಿಯಾ ಮಧ್ಯೆ ಬಂದು ಮದುವೆಯನ್ನೇ ರದ್ದು ಮಾಡಿದರು ಎಂಬ ಕಥೆ ಈಗಲೂ ಓಡಾಡುತ್ತದೆ. ಕೇಸು ಮುಗಿದದ್ದು ಹಾಗಲ್ಲ, ರಾಜಿಯಲ್ಲಿ. 1888ರ ಜುಲೈನಲ್ಲಿ 2,000 ರೂಪಾಯಿ ಪಡೆದು ದಾದಾಜಿ ಆದೇಶವನ್ನು ಜಾರಿಗೆ ತರದೆ ಬಿಟ್ಟ. ಕೊಟ್ಟವರು ಹೆಂಡತಿಯ ಕಡೆಯವರು, ಪಡೆದವನು ಗಂಡ. ಮದುವೆ ಕಾಗದದ ಮೇಲೆ ಮುರಿಯಲೇ ಇಲ್ಲ, ಏಕೆಂದರೆ ಆಗಿನ ಹಿಂದೂ ಕಾನೂನಿನಲ್ಲಿ ಕೋರ್ಟು ಕೊಡುವ ವಿಚ್ಛೇದನ ಅನ್ನೋದೇ ಇರಲಿಲ್ಲ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಸೋಡಚೀಟಿ ಕೊಟ್ಟು ಬಿಡುಗಡೆ ಮಾಡುವ ರೂಢಿ ಇತ್ತು, ಹೆಣ್ಣು ಮತ್ತೆ ಕೂಡಿಕೆ ಮಾಡಿಕೊಳ್ಳಬಹುದಿತ್ತು. ರಖ್ಮಾಬಾಯಿಗೆ ಅಂಥ ಚೀಟಿಯೂ ಸಿಗಲಿಲ್ಲ. ದಾದಾಜಿ ಮರುವರ್ಷವೇ ಇನ್ನೊಂದು ಮದುವೆಯಾದ. ಆಗಿನ ಕಾನೂನಿನಲ್ಲಿ ಗಂಡಸಿಗೆ ಅದಕ್ಕೆ ಅಡ್ಡಿಯಿರಲಿಲ್ಲ, ಆಕೆಗೆ ಮಾತ್ರ ಆ ಬಾಗಿಲು ಮುಚ್ಚಿತ್ತು.

ಈಗ ವೃತ್ತಿಯ ಲೆಕ್ಕಕ್ಕೆ ಬರೋಣ. 19ರಿಂದ 23, ಅಂದರೆ ಕಾಲೇಜಿನಲ್ಲಿ ಇರಬೇಕಾದ ವಯಸ್ಸು ಇಡೀ ಕೋರ್ಟಿನಲ್ಲಿ ಕಳೆಯಿತು. ಆದರೆ ಅದೇ ಕೇಸು ಆಕೆಯ ಹೆಸರನ್ನು ಇಂಗ್ಲೆಂಡಿನವರೆಗೂ ಒಯ್ದಿತ್ತು. ಬಾಂಬೆಯ ಕಾಮಾ ಆಸ್ಪತ್ರೆಯ ಡಾ. ಎಡಿತ್ ಪೆಚಿ ಆಕೆಗೆ ವೈದ್ಯಕೀಯ ಓದಲು ಹುರಿದುಂಬಿಸಿದರು, ಬೆಂಬಲಿಗರು ಹಣ ಕೂಡಿಸಿದರು. ಪೆಚಿ ಕೂಡ ಹೆಣ್ಣೆಂಬ ಕಾರಣಕ್ಕೆ ಎಡಿನ್‌ಬರೋದಲ್ಲಿ ವೈದ್ಯ ಪದವಿಗಾಗಿ ಹೋರಾಡಿ ಬಂದವರು. 1889ರಲ್ಲಿ ರಖ್ಮಾಬಾಯಿ ಹಡಗು ಹತ್ತಿದರು, ಲಂಡನ್ ಮಹಿಳಾ ವೈದ್ಯಕೀಯ ಶಾಲೆ ಸೇರಿದರು. 1894ರಲ್ಲಿ ಓದು ಮುಗಿಸಿ, ಮರುವರ್ಷ ಸೂರತ್‌ನ ಮಹಿಳಾ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಆಮೇಲೆ ರಾಜಕೋಟ್. ಗಂಡಸು ಡಾಕ್ಟರಿಗೆ ಮೈ ತೋರಿಸಲಾಗದೆ ನೋವು ನುಂಗುತ್ತಿದ್ದ ಹೆಂಗಸರಿಗೆ, ಬಾಣಂತಿಯರಿಗೆ ಸುಮಾರು 35 ವರ್ಷ ಚಿಕಿತ್ಸೆ ಕೊಟ್ಟರು. ನಿವೃತ್ತಿಯ ಹೊತ್ತಿಗೆ, 1929ರಲ್ಲಿ, ಪರದಾ ಪದ್ಧತಿ ತೊಲಗಬೇಕೆಂದು ಕಿರುಹೊತ್ತಿಗೆ ಬರೆದರು.

ಇದನ್ನು ಬಿಡುಗಡೆಯಿಂದ ಸಾಧನೆಗೆ ಎಂಬ ಸ್ಫೂರ್ತಿ ಕಥೆ ಮಾಡಿ ಹಂಚಿಕೊಳ್ಳುವುದು ಸುಲಭ. ಆದರೆ ಹೊರಬರಲು ಏನೇನು ಬೇಕಾಯ್ತು ಎಣಿಸಿ ನೋಡಿ: ತನ್ನ ಹೆಸರಲ್ಲಿದ್ದ ಆಸ್ತಿ, ವಾಪಸು ಕಳಿಸದ ತವರು, ಒಳ್ಳೆಯ ವಕೀಲರು, 2,000 ರೂಪಾಯಿ, ವಿದೇಶದಲ್ಲಿ ಓದಿಸುವ ಗೆಳೆಯರು. ಇವು ಇಲ್ಲದ ಎಷ್ಟು ಹುಡುಗಿಯರು ಅದೇ ವರ್ಷಗಳಲ್ಲಿ ಸುಮ್ಮನೆ ಗಂಡನ ಮನೆಗೆ ಹೋಗಿರಬೇಕು? ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಎಲ್ಲ ಇದ್ದ ರಖ್ಮಾಬಾಯಿಗೂ ಬಿಡುಗಡೆ ಪೂರ್ತಿ ಸಿಗಲಿಲ್ಲ. ಆಕೆ ಮತ್ತೆ ಮದುವೆಯಾಗಲಿಲ್ಲ. 1904ರಲ್ಲಿ ದಾದಾಜಿ ಸತ್ತಾಗ ವಿಧವೆಯರ ಬಿಳಿ ಸೀರೆ ಉಟ್ಟರು. ನಾಡಿಗೆಲ್ಲ ಗೊತ್ತಿದ್ದ ಡಾಕ್ಟರು, ಒಂದು ದಿನವೂ ಸಂಸಾರ ಮಾಡದ ಗಂಡನ ವಿಧವೆ.

ಕಾನೂನು ನಿಧಾನವಾಗಿ ನಡೆಯಿತು. ಈ ಕೇಸು ಎಬ್ಬಿಸಿದ ಚರ್ಚೆಯೂ ಸೇರಿ 1891ರಲ್ಲಿ ಹುಡುಗಿಯರ ಸಮ್ಮತಿ ವಯಸ್ಸು 10ರಿಂದ 12ಕ್ಕೆ ಏರಿತು, ಅಷ್ಟೇ. ಕೆಲವು ಸಂಸ್ಥಾನ, ಪ್ರಾಂತ್ಯಗಳು ಮೊದಲೇ ಕಾಯ್ದೆ ತಂದರೂ, ದೇಶದ ಹಿಂದೂಗಳಿಗೆಲ್ಲ ಅನ್ವಯಿಸುವ ವಿಚ್ಛೇದನದ ಹಕ್ಕು ಬಂದದ್ದು 1955ರ ಮೇ 18ರಂದು ಜಾರಿಯಾದ ಹಿಂದೂ ವಿವಾಹ ಕಾಯ್ದೆಯಿಂದ. ನಾಲ್ಕು ತಿಂಗಳ ಬಳಿಕ, ಸೆಪ್ಟೆಂಬರ್ 25ರಂದು, 90ರ ರಖ್ಮಾಬಾಯಿ ಕಣ್ಣುಮುಚ್ಚಿದರು.

ಅದೇ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ ದಾದಾಜಿ ಬಳಸಿದ ಅಸ್ತ್ರ ಇವತ್ತಿಗೂ ಕೂತಿದೆ. ಇಂಗ್ಲೆಂಡ್ ಅದನ್ನು 1970ರಲ್ಲಿ ಕಿತ್ತುಹಾಕಿತು. ಇಲ್ಲಿ ಆಂಧ್ರ ಹೈಕೋರ್ಟ್ 1983ರಲ್ಲಿ ಅದು ಸಂವಿಧಾನಬಾಹಿರ ಎಂದಿತು, ಮರುವರ್ಷವೇ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2019ರಲ್ಲಿ ಕಾನೂನು ವಿದ್ಯಾರ್ಥಿಗಳು ಅದನ್ನು ಮತ್ತೆ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಈಗ ಜೈಲು ಇಲ್ಲ ನಿಜ, ಆದರೆ ಆದೇಶ ಪಾಲಿಸದಿದ್ದರೆ ಆಸ್ತಿ ಜಪ್ತಿ ಮಾಡಬಹುದು. ಹೆಂಡತಿ ಜೀವನಾಂಶ ಕೇಳಿದ ಕೂಡಲೇ ಗಂಡನ ಕಡೆಯಿಂದ ಸೆಕ್ಷನ್ 9ರ ಅರ್ಜಿ ಬೀಳುವುದನ್ನು ಫ್ಯಾಮಿಲಿ ಕೋರ್ಟಿಗೆ ಹೋಗಿ ಬಂದವರು ಬಲ್ಲರು. ಬೇರೆ ಊರಲ್ಲಿ ಕೆಲಸ ಹಿಡಿದ ಹೆಣ್ಣಿಗೆ ಅದರ ಅರ್ಥ ಒಂದೇ: ಕೆಲಸ ಬಿಟ್ಟು ಬಾ, ಇಲ್ಲವೇ ಕೋರ್ಟಿಗೆ ಅಲೆ.

ರಖ್ಮಾಬಾಯಿ ಹೆಸರಲ್ಲಿ ವರ್ಷಕ್ಕೊಮ್ಮೆ ಪೋಸ್ಟ್ ಹಾಕುವವರು ಈ ಸೆಕ್ಷನ್ ಬಗ್ಗೆಯೂ ಮಾತಾಡಲಿ.